ಸೈಕಲ್ ಹೋಗಿದ್ದು ರೈಲಿನಲ್ಲಿ, ಬಂದಿದ್ದು ವಿಮಾನದಲ್ಲಿ: ನನ್ನ ಓಟು ಯಾವುದಕ್ಕೆ

ದೂರದೂರಿಗೆ ಸೈಕಲ್ ಒಯ್ಯಲು ರೈಲೇ ಸರಿ. ಆದರೆ ಒಂದು ಷರತ್ತು: ರೈಲು ಹೊರಡುವ ಸ್ಟೇಷನ್ನಿನಲ್ಲೇ ಹತ್ತಿಸಬೇಕು, ಅದು ಕೊನೆಯಾಗುವ ಸ್ಟೇಷನ್ನಿನಲ್ಲೇ ಇಳಿಸಿಕೊಳ್ಳಬೇಕು.

ತುಮಕೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಅದನ್ನು ತಮ್ಮನಿಗೆ ಒಪ್ಪಿಸಿ ಹಿಮಾಲಯದ ಮನಾಲಿ–ಲೇಹ್ ರಸ್ತೆ ತುಳಿಯಲು ಹೊರಟೆ. ನನ್ನದು ಸ್ಟೀಲ್ ಫ್ರೇಮಿನ, ಹಿಂದೆ ಮುಂದೆ ಕ್ಯಾರಿಯರ್ ಇರುವ ದಡೂತಿ ಸೈಕಲ್. ಆರಿಸಿಕೊಂಡದ್ದು ಯಶವಂತಪುರ–ಚಂಡೀಗಢ ಸಂಪರ್ಕ ಕ್ರಾಂತಿ. ನಮ್ಮೂರ ಮೇಲೇ ಹೋಗುವ ರೈಲು. ಆದರೂ ಸೈಕಲ್ ತಗೊಂಡು ಯಶವಂತಪುರಕ್ಕೇ ಹೋದೆ. "ಮುಂದಕ್ಕೆ ಹೋಗೋ ರೈಲು ಹತ್ತೋಕೆ ಯಾರಾದ್ರೂ ಹಿಂದಕ್ಕೆ ಹೋಗ್ತಾರೇನೇ?" ಅಂತ ನಮ್ಮ ಮನೆಯವರು ನಕ್ಕರು. ನಗಲಿ. ನಡುವಿನ ಸ್ಟೇಷನ್ನುಗಳಲ್ಲಿ ರೈಲು ನಿಲ್ಲುವುದೇ ಕೆಲವು ನಿಮಿಷ. ಅಷ್ಟರಲ್ಲಿ ಲಗೇಜ್ ಬೋಗಿಯ ಬಾಗಿಲು ತೆಗೆದು, ಮೂಟೆ ಸರಿಸಿ, ಸೈಕಲ್ ಒಳಗೆ ತಳ್ಳಬೇಕು. ಇಳಿಸುವಾಗಲೂ ಅದೇ ಪಾಡು. ಮೇಲೆ ಹತ್ತು ಮೂಟೆ ಬಿದ್ದಿದ್ದರೆ ಸೈಕಲ್ ಮುಂದಿನ ಊರು ನೋಡಿಕೊಂಡು ಬರುತ್ತದೆ.

ಪಾರ್ಸಲ್ ಆಫೀಸಿನಲ್ಲಿ ಮೊದಲು ನಿಮ್ಮ ಟಿಕೆಟ್ ತೋರಿಸಿ ‘ಲಗೇಜ್’ ಅನ್ನಿ. ಆಗ ಸೈಕಲ್ ನಿಮ್ಮದೇ ರೈಲಿನಲ್ಲಿ ಬರುತ್ತದೆ. ಟಿಕೆಟ್ಟಿಲ್ಲದೆ ಕಟ್ಟಿದರೆ ಅದು ಪಾರ್ಸಲ್. ಜಾಗ ಸಿಕ್ಕ ರೈಲಿಗೆ ಹತ್ತುತ್ತದೆ, ನೀವು ಅಲ್ಲಿ ಕಾಯುತ್ತಾ ಕೂರಬೇಕು. ಥರ್ಡ್ ಎಸಿಯಲ್ಲಿ 40 ಕೆಜಿ ಲಗೇಜ್ ಉಚಿತ ನಿಜ, ಆದರೆ ಸೈಕಲ್ಲಿಗೆ ಆ ರಿಯಾಯಿತಿ ಇಲ್ಲ, ಪೂರ್ತಿ ತೂಕಕ್ಕೆ ದುಡ್ಡು ಕಟ್ಟಬೇಕು. ಕಟ್ಟಿದೆ. ವಿಮಾನದವರು ಆಮೇಲೆ ಕಿತ್ತುಕೊಂಡದ್ದರ ಮುಂದೆ ಅದು ಲೆಕ್ಕಕ್ಕೇ ಇಲ್ಲ. ನಿಯಮದಲ್ಲಿ ರೈಲು ಬಿಡುವ ಅರ್ಧ ಗಂಟೆ ಮೊದಲು ಅಂತಿದೆ. ಅದನ್ನು ನಂಬಿ ಹೋಗಬೇಡಿ, ಮೂರು ಗಂಟೆ ಮೊದಲೇ ಇರಿ. ತೂಕ, ರಸೀದಿ, ಸೈಕಲ್ ಮೇಲೆ ನಂಬರ್ ಬರೆಸುವುದು, ಒಂದೊಂದಕ್ಕೂ ಒಂದೊಂದು ಕಡೆ ನಿಲ್ಲಬೇಕು.

ಪ್ಯಾಕಿಂಗ್ ಮಾಡುವವನೊಬ್ಬ ಹೊರಗೇ ಸಿಕ್ಕ. ಇಡೀ ಸೈಕಲ್ಲಿಗೆ ಗೋಣಿ ಸುತ್ತು ಅಂದರೆ ಒಪ್ಪಲಿಲ್ಲ. "ಚಕ್ರ ಬಿಟ್ಬಿಡಿ ಅಕ್ಕಾ. ಉರುಳೋ ಹಂಗಿದ್ರೆ ಉರುಳಿಸ್ಕೊಂಡು ಹೋಗ್ತಾರೆ, ಇಲ್ಲಾಂದ್ರೆ ಎತ್ತಿ ಒಗೀತಾರೆ" ಅಂದ. ಇಡೀ ಪ್ರಯಾಣದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಸಲಹೆ ಇದು. ಫ್ರೇಮಿಗೆ, ಹ್ಯಾಂಡಲ್ಲಿಗೆ ಗೋಣಿ ಹೊಲಿದ. ಹಿಂದಿನ ಡಿರೇಲರ್ (ಗೇರ್ ಬದಲಿಸಲು ಚೈನ್ ಸರಿಸುವ ಭಾಗ) ಸುತ್ತ ದಪ್ಪ ರಟ್ಟು ಕಟ್ಟಿದ್ದು ನಾನು. ಹೆಸರು, ಫೋನ್ ನಂಬರ್, ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಎರಡು ಕಡೆ ಬರೆದು ಅಂಟಿಸಿದೆ. ಬೆಲ್, ಬಾಟಲಿ, ಲೈಟು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡೆ.

ಎರಡು ರಾತ್ರಿ ಕಳೆದು ಚಂಡೀಗಢ. ಎಲ್ಲರದೂ ಇಳಿಯುವುದು ಅಲ್ಲೇ, ಹಾಗಾಗಿ ಅವಸರವಿಲ್ಲ. ರಸೀದಿ ಕೊಟ್ಟೆ, ಸೈಕಲ್ ಕೊಟ್ಟರು. ಕ್ಯಾರಿಯರ್ ಮೇಲೆ ಒಂದು ಗೀರು ಬಿಟ್ಟರೆ ಹೇಗೆ ಕೊಟ್ಟಿದ್ದೆನೋ ಹಾಗೇ ಇತ್ತು. ರೈಲಿನ ನಿಜವಾದ ಸುಖ ಇಲ್ಲಿದೆ ನೋಡಿ: ಗೋಣಿ ಹರಿದು, ಬ್ಯಾಗು ತಗುಲಿಸಿ, ಅಲ್ಲಿಂದಲೇ ತುಳಿದುಕೊಂಡು ಸೆಕ್ಟರ್ 43ರ ಬಸ್ ಸ್ಟ್ಯಾಂಡಿಗೆ ಹೋದೆ. ಆ ಊರಲ್ಲಿ ಸೈಕಲ್ಲಿಗೇ ಬೇರೆ ದಾರಿ ಮಾಡಿದ್ದಾರೆ. ಮನಾಲಿಗೆ ಇನ್ನು ಸುಮಾರು 300 ಕಿ.ಮೀ. ಸಾದಾ ಬಸ್ಸಿನ ಟಾಪ್ ಮೇಲೆ ಮಲಗಿಸಿ, ಚೈನ್ ಇರುವ ಮಗ್ಗುಲು ಮೇಲೆ ಮಾಡಿ, ನಾನೇ ಹಗ್ಗ ಬಿಗಿದೆ.

ಲೇಹ್‌ನಿಂದ ವಾಪಸಾಗುವಾಗ ವಿಮಾನ. ಅಲ್ಲಿನ ಗಾಳಿ, ತೆಳು ಹವೆಯ ಕಾರಣಕ್ಕೆ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಹಾರುತ್ತವೆ. ಅಂದರೆ ಹಿಂದಿನ ರಾತ್ರಿಯೇ ಸೈಕಲ್ ಬಿಚ್ಚಬೇಕು, ಅದೂ 3,500 ಮೀಟರ್ ಎತ್ತರದ ಚಳಿಯಲ್ಲಿ. ಬಾಡಿಗೆ ಸೈಕಲ್ಲಿನ ಅಂಗಡಿಯವರು ಹಳೇ ರಟ್ಟಿನ ಡಬ್ಬ ಕೊಟ್ಟರು. ಎರಡು ಚಕ್ರ, ಎರಡು ಕ್ಯಾರಿಯರ್, ಸೀಟು, ಹ್ಯಾಂಡಲ್, ಪೆಡಲ್ ಎಲ್ಲ ಬಿಚ್ಚಿದ್ದಾಯಿತು. (ಎಡ ಪೆಡಲ್ಲಿನ ತಿರುಪು ಉಲ್ಟಾ, ಮರೆತು ಎಂದಿನಂತೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ.) ಡಿರೇಲರ್ ಬಿಚ್ಚಿ ಬಟ್ಟೆ ಸುತ್ತಿ ಒಳಗೆ ಕಟ್ಟಿದೆ. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಎರಡು ಕಾಲಿನ ನಡುವೆ ಮರದ ತುಂಡು, ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ಮಡಿಸಿದ ರಟ್ಟು. ಟೈರಿನ ಗಾಳಿ ಇಳಿಸಿದೆ. ಪಾನಾ, ಸ್ಕ್ರೂಡ್ರೈವರ್ ಡಬ್ಬದೊಳಗೆ, ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲಿ.

ಬೆಂಗಳೂರಿನಲ್ಲಿ ಡಬ್ಬ ಕೈಗೆ ಬಂದಾಗ ಒಂದು ಮೂಲೆ ಹರಿದು, ಕ್ಯಾರಿಯರ್ ಬೋಲ್ಟಿನ ಪೊಟ್ಟಣ ಮಾಯವಾಗಿತ್ತು. ಯಾವ ವಿಮಾನದವರು ಅನ್ನುವುದು ಬೇಡ, ಎಲ್ಲ ಡಬ್ಬಗಳಿಗೂ ಅದೇ ಮರ್ಯಾದೆ ಅಂತ ಕಾಣುತ್ತದೆ. ಬೋಲ್ಟುಗಳನ್ನು ಅವುಗಳ ತೂತಿಗೇ ತಿರುಗಿಸಿ ಕಳಿಸುವುದು ಒಳ್ಳೆಯದು.

ರಜೆ ಕಡಿಮೆ ಇರುವವರಿಗೆ, ಕಾರ್ಬನ್ ಫ್ರೇಮಿನವರಿಗೆ ವಿಮಾನವೇ ಆಗಬಹುದು, ಗಟ್ಟಿ ಪೆಟ್ಟಿಗೆ ಇದ್ದರೆ. ನನ್ನಂಥ ಸ್ಟೀಲ್ ಸೈಕಲ್ಲಿನವರು ರೈಲು ಹಿಡಿಯಿರಿ. ಮುಂದಿನ ಸಲ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗುವ ಯೋಚನೆಯಿದೆ. ಆಗ ವಾಪಸ್ಸೂ ಚಂಡೀಗಢದಿಂದ ರೈಲೇ, ಇಳಿಯುವುದೂ ಯಶವಂತಪುರದಲ್ಲೇ. ನಮ್ಮ ಮನೆಯವರು ಇನ್ನೊಂದು ಸಲ ನಗಲಿ.