ಖಾಲಿ ಹೊಟ್ಟೆಗೆ ಪೂರ್ತಿ ಇನ್ಸುಲಿನ್: ನಮ್ಮ ಕೆಂಚನಿಗೆ ಆದದ್ದು ನಿಮ್ಮ ಬೆಕ್ಕಿಗೆ ಆಗದಿರಲಿ

ಮನೆಯಲ್ಲಿ ಸಕ್ಕರೆ ಕಾಯಿಲೆಯ ಬೆಕ್ಕಿದ್ದು, ಅದಕ್ಕೆ ಹಲ್ಲು ಕೀಳಿಸುವುದೋ, ಗಡ್ಡೆ ತೆಗೆಸುವುದೋ, ಅರಿವಳಿಕೆ ಕೊಟ್ಟು ಮಾಡುವ ಬೇರೆ ಏನಾದರೂ ಕೆಲಸವೋ ಮುಂದಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಅವಸರದಲ್ಲಿರುವವರಿಗೆ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. "ರಾತ್ರಿಯಿಂದ ಏನೂ ತಿನ್ನಿಸಬೇಡಿ, ಔಷಧಿ ಎಲ್ಲ ಎಂದಿನ ಹಾಗೇ ಕೊಡಿ" ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ, ಆ ಮಾತು ಇನ್ಸುಲಿನ್‌ಗೂ ಸೇರಿ ಹೇಳಿದ್ದು ಅಂದುಕೊಳ್ಳಬೇಡಿ. ಆ ದಿನ ಬೆಳಿಗ್ಗೆ ಎಷ್ಟು ಯೂನಿಟ್ ಎಂದು ಡಾಕ್ಟರೇ ಬಾಯಿಬಿಟ್ಟು ಹೇಳುವವರೆಗೆ ಸಿರಿಂಜ್ ಕೈಗೆತ್ತಿಕೊಳ್ಳಬೇಡಿ.

ಕೆಂಚನಿಗೆ 11 ವರ್ಷ. ಕಿತ್ತಳೆ ಪಟ್ಟೆಯ ಗಂಡು, ನ್ಯೂಟರ್ ಆದವನು (ಬೀಜ ತೆಗೆಸಿದವನು), ತೂಕ 6 ಕೆಜಿ. ಬೆಕ್ಕುಗಳಲ್ಲಿ ಈ ಕಾಯಿಲೆ ಹೆಚ್ಚಾಗಿ ಹಿಡಿಯುವುದು ಇಂಥವರನ್ನೇ: ವಯಸ್ಸಾದ, ಮೈತುಂಬಿಕೊಂಡ, ನ್ಯೂಟರ್ ಆದ ಗಂಡುಗಳನ್ನು. ಇವನ ವಿಷಯದಲ್ಲಿ ಇನ್ನೊಂದು ಕಾರಣವೂ ಇತ್ತು. ವಸಡಿನ ಊತಕ್ಕೆ ಎಂದು ವರ್ಷಗಟ್ಟಲೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ದೆವು. ಹಾಕಿಸಿದಾಗಲೆಲ್ಲ ಒಂದೆರಡು ತಿಂಗಳು ಚೆನ್ನಾಗಿ ತಿನ್ನುತ್ತಿದ್ದ, ಆಮೇಲೆ ಮತ್ತೆ ಅದೇ ಪಾಡು. ಸ್ಟೀರಾಯ್ಡ್ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ ಎಂದು ನಮಗೆ ಗೊತ್ತಾದದ್ದು ಅವನು ಬಟ್ಟಲುಗಟ್ಟಲೆ ನೀರು ಕುಡಿಯಲು ಶುರುಮಾಡಿದ ಮೇಲೆ. ಆಗಿನಿಂದ ಲ್ಯಾಂಟಸ್ ಎನ್ನುವ ಇನ್ಸುಲಿನ್, ಬೆಳಿಗ್ಗೆ 7ಕ್ಕೆ 3 ಯೂನಿಟ್, ರಾತ್ರಿ 7ಕ್ಕೆ 3 ಯೂನಿಟ್. ತಿಂದ ಮೇಲೇ ಚುಚ್ಚುವುದು. ತಿನ್ನದಿದ್ದರೆ ಪೂರ್ತಿ ಡೋಸ್ ಇಲ್ಲ. ಈ ನಿಯಮ ನನಗೆ ಬಾಯಿಪಾಠ ಆಗಿತ್ತು. ಆದರೂ ಆ ದಿನ ಮುರಿದೆ, ಆಸ್ಪತ್ರೆಯವರೇ ಹೇಳಿದ್ದಾರಲ್ಲ ಎಂದು.

ಹಲ್ಲು ಕೀಳಿಸುವ ನಿರ್ಧಾರ ತಪ್ಪಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಬಾಯಲ್ಲಿ ಕೀವು, ಸೋಂಕು ಇರುವವರೆಗೆ ಶುಗರ್ ಹತೋಟಿಗೆ ಬರುವುದು ಕಷ್ಟ. ಕೊಟ್ಟ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಹೆದರಿ ಆಪರೇಷನ್ನೇ ಬೇಡ ಎನ್ನುವವರು ದಯವಿಟ್ಟು ಈ ಬರಹವನ್ನು ಅದಕ್ಕೆ ನೆಪ ಮಾಡಿಕೊಳ್ಳಬೇಡಿ.

ಹಿಂದಿನ ಸಂಜೆ ಫೋನ್ ಬಂತು. ಮಾತಾಡಿದ್ದು ಡಾಕ್ಟರಲ್ಲ, ಅಪಾಯಿಂಟ್‌ಮೆಂಟ್ ನೋಡಿಕೊಳ್ಳುವ ಹುಡುಗಿ. ರಾತ್ರಿ ಹತ್ತರ ಮೇಲೆ ಊಟ ಬೇಡ, ಔಷಧಿ ಎಲ್ಲ ಕೊಟ್ಟು ಒಂಬತ್ತಕ್ಕೆ ಕರ್ಕೊಂಡು ಬನ್ನಿ. "ಇನ್ಸುಲಿನ್?" ಎಂದು ಕೇಳಿದೆ. "ಹೂಂ ಮೇಡಂ, ಎಲ್ಲ ಎಂದಿನ ಹಾಗೇ." ಅಷ್ಟೇ. ಬೆಳಿಗ್ಗೆ ಏಳಕ್ಕೆ, ಬಟ್ಟಲಿನ ಮುಂದೆ ಕೂತು ಕೂಗುತ್ತಿದ್ದವನ ಕತ್ತಿನ ಹಿಂದಿನ ಚರ್ಮ ಎತ್ತಿ 3 ಯೂನಿಟ್ ಕೊಟ್ಟೆ. ದಿನಾ ಕಿವಿ ಅಂಚು ಚುಚ್ಚಿ ಶುಗರ್ ನೋಡುವವಳು ಅವತ್ತು ನೋಡಲಿಲ್ಲ. ಅಲ್ಲಿ ಹೇಗೂ ನೋಡುತ್ತಾರೆ ಅಂದುಕೊಂಡೆ. ಇದು ನನ್ನದೇ ತಪ್ಪು, ಯಾರ ಮೇಲೂ ಹಾಕುವುದಿಲ್ಲ.

ಅಲ್ಲಿ ನೋಡಿದರು. ಒಂಬತ್ತೂ ಕಾಲಿಗೆ 318. "ಜಾಸ್ತೀನೇ ಇದೆ, ಇನ್ಸುಲಿನ್ ಕೊಟ್ಟಿದ್ದು ಒಳ್ಳೇದಾಯ್ತು" ಎಂದರು. ನನಗೂ ಸಮಾಧಾನ ಆಯಿತು. ಆ 318 ನಮ್ಮೆಲ್ಲರನ್ನೂ ಮೋಸ ಮಾಡಿತು. ಬೆಕ್ಕಿಗೆ ಗಾಬರಿಯಾದರೆ ಶುಗರ್ ಏರುತ್ತದೆ. ಆಟೋ ಸದ್ದು, ನಾಯಿಗಳ ಬೊಗಳಾಟ, ಗೊತ್ತಿಲ್ಲದ ಕೈಗಳು, ಇಷ್ಟೇ ಸಾಕು. ಸಕ್ಕರೆ ಕಾಯಿಲೆಯೇ ಇಲ್ಲದ ಬೆಕ್ಕಿಗೂ ಆಸ್ಪತ್ರೆಯ ಮೇಜಿನ ಮೇಲೆ 300 ದಾಟಬಹುದು. ಗಾಬರಿ ಇಳಿದ ಮೇಲೆ ಆ ಏರಿಕೆಯೂ ಇಳಿಯುತ್ತದೆ. ಮೈಯೊಳಗಿನ ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಒಂಬತ್ತೂವರೆಗೆ ಶುರುವಾಗಬೇಕಿದ್ದ ಕೆಲಸ ಶುರುವಾಗಲಿಲ್ಲ. ರಸ್ತೆಯಲ್ಲಿ ಗಾಡಿಗೆ ಸಿಕ್ಕ ನಾಯಿಯೊಂದನ್ನು ಹೊತ್ತು ತಂದರು, ಎಲ್ಲರೂ ಅತ್ತ ಓಡಿದರು. ಅದು ಸರಿಯೇ, ಅದರ ಜೀವ ಉಳಿಸುವುದೇ ಆಗ ಮುಖ್ಯ. ಆದರೆ ಒಳಗಿನ ಗೂಡಿನಲ್ಲಿ ಖಾಲಿ ಹೊಟ್ಟೆಯಲ್ಲಿ, ಪೂರ್ತಿ ಡೋಸ್ ಹಾಕಿಸಿಕೊಂಡು ಒಬ್ಬ ಕೂತಿದ್ದಾನೆ ಎನ್ನುವುದು ಯಾರ ತಲೆಯಲ್ಲೂ ಇರಲಿಲ್ಲ. ಹತ್ತಾಯಿತು, ಹನ್ನೊಂದಾಯಿತು, ಹನ್ನೆರಡಾಯಿತು. ಎರಡು ಸಲ ಕೇಳಿದೆ, "ಇನ್ನೇನು ತಗೋತಾರೆ" ಎಂದರು. ಮೂರನೆಯ ಸಲ ಕೇಳಲು ಸಂಕೋಚವಾಯಿತು. ಸಂಕೋಚಪಡಬೇಡಿ.

ಮುಕ್ಕಾಲು ಗಂಟೆ ಕಳೆದು, ಒಂದು ಸಲ ನೋಡಿ ಬರ್ತೀನಿ ಎಂದು ಹಟ ಹಿಡಿದು ಒಳಗೆ ಹೋದೆ. ಗೂಡಿನಲ್ಲಿ ಹಾಸಿದ್ದ ಪೇಪರ್ ಒದ್ದೆಯಾಗಿತ್ತು. ಕೆಂಚ ಮೂಲೆಗೆ ತಲೆ ಒತ್ತಿಕೊಂಡಿದ್ದ. ಕೆಳತುಟಿಯಿಂದ ಜೊಲ್ಲು ಎಳೆಎಳೆಯಾಗಿ ಇಳಿದು ಎದೆಯ ಕೂದಲಿಗೆ ಅಂಟಿತ್ತು. ಹೆಸರು ಹಿಡಿದು ಕರೆದೆ. ನನ್ನ ಚಪ್ಪಲಿ ಸದ್ದಿಗೇ ಕಿವಿ ತಿರುಗಿಸುವವನು ಅಲುಗಲಿಲ್ಲ. ಎತ್ತಿಕೊಂಡಾಗ ಹಿಂದಿನ ಕಾಲುಗಳು ಒದ್ದೆ ಬಟ್ಟೆಯ ಹಾಗೆ ಜೋತಾಡಿದವು. ಅಲ್ಲಿದ್ದ ಸಹಾಯಕ, "ಮತ್ತಿನ ಇಂಜೆಕ್ಷನ್ ಕೊಟ್ಟಿರ್ತಾರೆ ಮೇಡಂ, ಅದಕ್ಕೇ ತೂಕಡಿಸ್ತಿದಾನೆ" ಎಂದ. ಯಾವಾಗ ಕೊಟ್ಟರು ಎಂದು ಕೇಳಿದೆ. ಫೈಲ್ ತೆಗೆದು ನೋಡಿದ. ಕೊಟ್ಟೇ ಇರಲಿಲ್ಲ.

ಆ ಹೊತ್ತಿಗೇ ಅವನ ಮೈ ಸೆಟೆದು ಫಿಟ್ಸ್ ಬಂತು. ಕಿವಿ ಚುಚ್ಚಿ ನೋಡಿದರೆ 29. ಬೆಕ್ಕಿಗೆ 60ಕ್ಕಿಂತ ಕೆಳಗೆ ಇಳಿದರೇ ಅಪಾಯ.

ಡಾಕ್ಟರು ಓಡಿ ಬಂದು ರಕ್ತನಾಳಕ್ಕೆ ಗ್ಲೂಕೋಸ್ ಏರಿಸಿದರು. ಹತ್ತು ನಿಮಿಷದಲ್ಲಿ ಫಿಟ್ಸ್ ನಿಂತಿತು, ಆದರೆ ರಾತ್ರಿಯವರೆಗೂ ಡ್ರಿಪ್ ತೆಗೆಯುವ ಹಾಗಿರಲಿಲ್ಲ. ಲ್ಯಾಂಟಸ್ ನಿಧಾನವಾಗಿ ಗಂಟೆಗಟ್ಟಲೆ ಕೆಲಸ ಮಾಡುವ ಇನ್ಸುಲಿನ್, ಚುಚ್ಚಿದ ಮೇಲೆ ವಾಪಸ್ ತೆಗೆಯಲು ಬರುವುದಿಲ್ಲ. ಶುಗರ್ ಏರಿಸಿದಷ್ಟೂ ಮತ್ತೆ ಇಳಿಯುತ್ತಿತ್ತು. ಎಚ್ಚರವಾದಾಗ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಮಿದುಳಿಗೆ ಸಕ್ಕರೆ ಸಾಲದೆ ಹೋದರೆ ಹೀಗಾಗುತ್ತದಂತೆ. ಮೂರು ದಿನ ಗೋಡೆ ಹಿಡಿದು ನಡೆದ, ನೀರಿನ ಬಟ್ಟಲಿಗೆ ಮೂಗು ಅದ್ದಿ ಬೆಚ್ಚಿಬೀಳುತ್ತಿದ್ದ. ನಾಲ್ಕನೆಯ ದಿನ ಬೆಳಿಗ್ಗೆ ಕಿಟಕಿಯಾಚೆ ಅಳಿಲು ಓಡಿದಾಗ ಅವನ ತಲೆ ಅದರ ಹಿಂದೆಯೇ ತಿರುಗಿತು. ನಮ್ಮ ಮನೆಯವರು ಅಡಿಗೆಮನೆಯಿಂದ ನನ್ನನ್ನು ಕೂಗಿದ ದನಿ ಈಗಲೂ ಕಿವಿಯಲ್ಲಿದೆ.

ಈಗ ಯೋಚಿಸಿದರೆ ಕೈಕಾಲು ತಣ್ಣಗಾಗುವುದು ಇನ್ನೊಂದು ವಿಷಯಕ್ಕೆ. ಆ ನಾಯಿ ಬಾರದೆ ಕೆಲಸ ಹೊತ್ತಿಗೆ ಸರಿಯಾಗಿ ಶುರುವಾಗಿ, 318 ಇದೆಯಲ್ಲ ಎಂಬ ಧೈರ್ಯದಲ್ಲಿ ಮತ್ತೆ ಶುಗರ್ ನೋಡದೆ ಇದ್ದಿದ್ದರೆ? ಅರಿವಳಿಕೆಯಲ್ಲಿ ಮಲಗಿದ ಬೆಕ್ಕು ತೂರಾಡುವುದಿಲ್ಲ, ಕೂಗುವುದಿಲ್ಲ. ಲೋ ಶುಗರ್ ಆಗಿದೆ ಎಂದು ಹೇಳುವ ಲಕ್ಷಣಗಳೆಲ್ಲ ಮತ್ತಿನಲ್ಲಿ ಮುಚ್ಚಿಹೋಗುತ್ತವೆ. ಆಗ ಗ್ಲೂಕೋಮೀಟರ್ ಬಿಟ್ಟು ಹೇಳುವವರು ಯಾರೂ ಇಲ್ಲ.

ಆರು ವಾರ ಬಿಟ್ಟು ಇನ್ನೊಬ್ಬ ಡಾಕ್ಟರ ಬಳಿ ಅದೇ ಹಲ್ಲಿನ ಕೆಲಸ ಮಾಡಿಸಿದೆವು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹೇಗೆ ನಡೆಯಬೇಕಿತ್ತು ಎಂದು ನನಗೆ ಅರ್ಥವಾದದ್ದು ಅಲ್ಲಿ. ಅವರು ಮೊದಲೇ ಹೇಳಿದ್ದು, ದಿನದ ಮೊದಲ ಕೇಸ್ ಇವನದ್ದೇ, ತಡವಾಗುವ ಹಾಗಿದ್ದರೆ ಬೇರೆ ದಿನ ಮಾಡೋಣ ಎಂದು. ಎಂಟು ಹತ್ತು ಗಂಟೆ ಉಪವಾಸ ಬೇಡ ಎಂದು ಬೆಳಗಿನ ಜಾವ ಸ್ವಲ್ಪವೇ ಮೆತ್ತನೆಯ ಊಟ ಕೊಡಲು ಹೇಳಿ, ಅದಕ್ಕೆ ಗಂಟೆಯನ್ನೂ ಗೊತ್ತು ಮಾಡಿದರು. ಇನ್ಸುಲಿನ್ ಸಾಮಾನ್ಯವಾಗಿ ಅರ್ಧ ಡೋಸ್, ಆದರೆ ಮನೆಯಲ್ಲಿ ಶುಗರ್ ನೋಡಿ ತಮಗೆ ಫೋನ್ ಮಾಡಿದ ಮೇಲೆ ಮಾತ್ರ, ಕಡಿಮೆ ಇದ್ದರೆ ಅದೂ ಬೇಡ ಎಂದರು. ಮನೆಯಲ್ಲಿ 214 ಇತ್ತು. ಫೋನ್ ಮಾಡಿದೆ. 1.5 ಯೂನಿಟ್ ಎಂದರು, ನಾನು ಬರೆದುಕೊಂಡು ವಾಪಸ್ ಓದಿ ಹೇಳಿದೆ. ಅರಿವಳಿಕೆ ಕೊಟ್ಟಲ್ಲಿಂದ ಎಚ್ಚರವಾಗುವವರೆಗೆ ಅರ್ಧ ಗಂಟೆಗೊಮ್ಮೆ ಕಿವಿ ಚುಚ್ಚಿ ನೋಡಿ, ಒಂದು ಸಲ ಇಳಿಯತೊಡಗಿದಾಗ ಡ್ರಿಪ್‌ಗೆ ಗ್ಲೂಕೋಸ್ ಸೇರಿಸಿದರಂತೆ. ಆ ಅಂಕಿಗಳ ಹಾಳೆಯನ್ನು ನನ್ನ ಕೈಗೇ ಕೊಟ್ಟರು. ಕ್ಸೈಲಜೀನ್‌ನಂಥ ಕೆಲವು ಮತ್ತಿನ ಔಷಧಿಗಳೂ ಸ್ವಲ್ಪ ಹೊತ್ತು ಶುಗರ್ ಏರಿಸುತ್ತವೆ, ಹಾಗಾಗಿ ಎಚ್ಚರವಾದ ಮೇಲೆ ಜಾಸ್ತಿ ಕಂಡಿತೆಂದು ಗಾಬರಿಯಾಗಿ ಇನ್ಸುಲಿನ್ ಕೊಡಬೇಡಿ ಎಂದು ಹೇಳಿಕಳಿಸಿದರು.

ಮೊದಲ ಸಲದ ಸುದ್ದಿ ಕೇಳಿ ನೆಂಟರೊಬ್ಬರು, ಹಾಗಾದರೆ ಎರಡು ದಿನ ಇನ್ಸುಲಿನ್ನೇ ನಿಲ್ಲಿಸಿಬಿಡಬಹುದಿತ್ತಲ್ಲ ಎಂದಿದ್ದರು. ಅದೂ ಕೂಡದು. ಇನ್ಸುಲಿನ್ ಇಲ್ಲದೆ ಮೈ ಕೊಬ್ಬನ್ನು ಕರಗಿಸಲು ಶುರುಮಾಡಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಸೇರಿಕೊಳ್ಳುತ್ತದೆ. ವಾಂತಿ, ಊಟ ಬಿಡುವುದು, ಸುಸ್ತು, ಅಲ್ಲಿಂದ ಜೀವಕ್ಕೇ ಅಪಾಯ. ಎಷ್ಟು ಕಡಿಮೆ ಮಾಡಬೇಕು ಎನ್ನುವುದು ಆ ಬೆಕ್ಕನ್ನು ಬಲ್ಲ ಡಾಕ್ಟರು ಆ ದಿನದ ಅಂಕಿ ನೋಡಿ ಹೇಳಬೇಕಾದ ಮಾತು. ನನ್ನ ಬೆಕ್ಕಿನ 1.5 ಯೂನಿಟ್ಟನ್ನು ನಿಮ್ಮ ಬೆಕ್ಕಿಗೆ ಕೊಡಬೇಡಿ.

ಸಿರಿಂಜ್ ಬಗ್ಗೆಯೂ ಹೇಳಲೇಬೇಕು. ಬೆಕ್ಕನ್ನು ಆಸ್ಪತ್ರೆಯಲ್ಲಿ ರಾತ್ರಿ ಬಿಡುವುದಿದ್ದರೆ ಇನ್ಸುಲಿನ್ ಬಾಟಲಿ ಮಾತ್ರ ಕಳಿಸಬೇಡಿ, ಅದರ ಸಿರಿಂಜೂ ಕಳಿಸಿ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಎರಡು ಥರದ ಇನ್ಸುಲಿನ್ ಸಿರಿಂಜ್ ಸಿಗುತ್ತವೆ, ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರುವ ಇನ್ಸುಲಿನ್‌ಗೆ ಕೆಂಪು ಮುಚ್ಚಳದ ಯು-40, 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ ಯು-100. ಲ್ಯಾಂಟಸ್ ಯು-100. ಅದನ್ನು ಕೆಂಪು ಮುಚ್ಚಳದ್ದರಲ್ಲಿ 3ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 7.5 ಯೂನಿಟ್. ಅಂಗಡಿಯವರು "ಎಲ್ಲಾ ಒಂದೇ" ಎಂದು ಕೊಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಆದ್ದರಿಂದ ಯಾವ ಮೀಟರ್ ಬಳಸುತ್ತೀರಿ ಎಂದು ಡಾಕ್ಟರಿಗೆ ಹೇಳಿರಿ, ಯಾವಾಗಲೂ ಅದೊಂದನ್ನೇ ಬಳಸಿ.

ಮನೆಯಲ್ಲಿ ಜೇನುತುಪ್ಪ ಇಟ್ಟಿರಿ. ಬೆಕ್ಕು ತೂರಾಡಿದರೆ, ಕರೆದರೆ ತಿರುಗದಿದ್ದರೆ, ಬೆರಳಿಗೆ ಹಚ್ಚಿಕೊಂಡು ವಸಡಿಗೆ ಉಜ್ಜಿ. ಫಿಟ್ಸ್ ಬಂದಾಗ ಬಾಯೊಳಗೆ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಹಲ್ಲಿನ ನಡುವೆ ಬೆರಳೂ ಇಡಬೇಡಿ. ಸುಧಾರಿಸಿಕೊಂಡು ನುಂಗುವ ಹಾಗಾದರೆ ಏನಾದರೂ ತಿನ್ನಿಸಿ, ಮತ್ತು ಚೇತರಿಸಿಕೊಂಡಿತೆಂದು ಮನೆಯಲ್ಲೇ ಉಳಿಯದೆ ಆಸ್ಪತ್ರೆಗೆ ಹೊರಡಿ. ಒಳಗಿನ ಇನ್ಸುಲಿನ್ ಇನ್ನೂ ಮುಗಿದಿರುವುದಿಲ್ಲ.

ಹಲ್ಲು ಕಿತ್ತ ಮೇಲಿನ ದಿನಗಳಲ್ಲಿ ಇನ್ನೊಂದು ಗಂಡಾಂತರ ಕಾದಿತ್ತು, ಈ ಸಲ ತಯಾರಾಗಿದ್ದೆವು. ಸೋಂಕು ಹೋದ ಮೇಲೆ ಇನ್ಸುಲಿನ್ ಚೆನ್ನಾಗಿ ನಾಟತೊಡಗುತ್ತದೆ, ಹಳೆಯ ಡೋಸೇ ಹೆಚ್ಚಾಗಿಬಿಡುತ್ತದೆ. ಒಂಬತ್ತನೆಯ ದಿನ ರಾತ್ರಿ ಚುಚ್ಚುವ ಮುಂಚೆ ನೋಡಿದರೆ 78. ಸಿರಿಂಜ್ ತುಂಬಿ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಡಾಕ್ಟರಿಗೆ ಫೋನ್ ಮಾಡಿದೆ, ಅವತ್ತು ಬೇಡ ಎಂದರು. ಕೆಲವು ಬೆಕ್ಕುಗಳಿಗೆ ಹೀಗೇ ಇಳಿದು ಇಳಿದು ಇನ್ಸುಲಿನ್ ಬೇಡವೇ ಆಗುವುದೂ ಉಂಟಂತೆ. ಕೆಂಚನಿಗೆ ಈಗ ಹೊತ್ತಿಗೆ 1 ಯೂನಿಟ್. ಹಲ್ಲು ಉಳಿದಿರುವುದು ಎರಡೇ ಎರಡು, ಕೋಳಿಯನ್ನು ಬೇಯಿಸಿ ಹಿಸುಕಿ ಕೊಟ್ಟರೆ ಬಟ್ಟಲು ನೆಕ್ಕಿ ನೆಲವನ್ನೂ ನೆಕ್ಕುತ್ತಾನೆ. ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡು ಗಂಟೆಗೊಮ್ಮೆ ಶುಗರ್ ನೋಡಿ ಡಾಕ್ಟರಿಗೆ ಕಳಿಸಬೇಕು, ಸ್ಟ್ರಿಪ್ ಡಬ್ಬಿ ತಂದಿಟ್ಟಿದ್ದೇನೆ.