ಮನೆಗೇ ಬರುವ ಪ್ಯಾಲಿಯೇಟಿವ್ ಕೇರ್: ನಮ್ಮ ಅತ್ತೆಯ ಕೊನೆಯ ಐದು ವಾರ

ಹೊಟ್ಟೆ ಕ್ಯಾನ್ಸರಿಗೆ ಇನ್ನು ಔಷಧಿಯಿಲ್ಲ ಅಂದಮೇಲೆ ಅತ್ತೆಯನ್ನು ಶ್ರೀನಿವಾಸಪುರದ ಹತ್ತಿರದ ನಮ್ಮೂರಿಗೇ ಕರ್ಕೊಂಡು ಬಂದ್ವಿ. ಕೋಲಾರದಿಂದ ವಾರಕ್ಕೆರಡು ಸಲ ಪ್ಯಾಲಿಯೇಟಿವ್ ಕೇರ್ ತಂಡ, ಅಂದರೆ ವಾಸಿಯಾಗದ ಕಾಯಿಲೆಯಲ್ಲಿ ನೋವು, ಸಂಕಟ ತಗ್ಗಿಸೋ ಆರೈಕೆಯವರು, ಮನೆಗೇ ಬರ್ತಿತ್ತು. ಅವರ ಮೇಲೆ ನನ್ನದೊಂದಿಷ್ಟು ದೂರೂ ಇರೋದರಿಂದ ಅವರ ಹೆಸರು ಹಾಕಲ್ಲ.

ಮೊದಲ ದಿನ ನರ್ಸು ಬ್ಯಾಗು ಬಿಚ್ಚಲೇ ಇಲ್ಲ. ಚಾಪೆ ಮೇಲೆ ಕೂತು, ಅತ್ತೆಗೆ ತೆಲುಗೇ ಸಲೀಸು ಅಂತ ಗೊತ್ತಾಗಿ ತೆಲುಗಲ್ಲೇ ನೋವು, ನಿದ್ದೆ ವಿಚಾರಿಸಿದರು. ನೋವಿಗೆ ನಾಲ್ಕು ಗಂಟೆಗೊಂದು ಮಾರ್ಫಿನ್ ಮಾತ್ರೆ ಕೊಟ್ಟರು, ಅಫೀಮಿನಿಂದ ತೆಗೆಯೋ ಬಲವಾದ ಔಷಧಿ. "ಅಮ್ಮನಿಗೆ ಅಮಲು ಹತ್ತಿಸ್ತೀರಾ?" ಅಂತ ಭಾವ ರೇಗಿದರು. ಮೂರನೇ ದಿನ ಅತ್ತೆ ಗೋಡೆಗೊರಗಿ ಕೂತು ಅವರೆಕಾಯಿ ಸುಲಿದರು. ಭಾವ ಮತ್ತೆ ಆ ಮಾತೆತ್ತಲಿಲ್ಲ. ಮಾರ್ಫಿನ್ನಿಂದ ಮಲ ಕಟ್ಟುತ್ತೆ ಅಂತ ಅದಕ್ಕೊಂದು ಸಿರಪ್ಪೂ ಜೊತೆಗೇ ಕೊಟ್ಟಿದ್ದರು.

ಊಟ ಬಿಟ್ಟಾಗ ನೆಂಟರೆಲ್ಲ "ಗ್ಲೂಕೋಸಾದ್ರೂ ಹಾಕಿಸಿ" ಅಂದರು. ನರ್ಸು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: ದೇಹ ಈಗ ಅನ್ನ ಕೇಳ್ತಿಲ್ಲ, ಬಲವಂತವಾಗಿ ಅಂಬಲಿ ಹುಯ್ದರೆ ಶ್ವಾಸಕೋಶಕ್ಕೆ ಇಳಿಯಬಹುದು, ಗ್ಲೂಕೋಸಿಂದ ಕಾಲು ಊದಿ ಕಫ ಹೆಚ್ಚಬಹುದು. ಒದ್ದೆ ಹತ್ತಿಯಿಂದ ಬಾಯಿ, ತುಟಿ ಒರೆಸ್ತಾ ಇರಿ, ಸಾಕು. ಮುಂದೆ ಏನಾಗುತ್ತೆ ಅನ್ನೋದನ್ನೂ ಮುಚ್ಚಿಡಲಿಲ್ಲ. ಕೈಕಾಲು ತಣ್ಣಗಾಗುತ್ತೆ, ಮಂಡಿ ನೀಲಿಗಟ್ಟುತ್ತೆ, ಉಸಿರು ನಿಂತು ನಿಂತು ಬರುತ್ತೆ. ಗಂಟಲಲ್ಲಿ ಗೊರಗೊರ ಅಂದರೆ ಅದು ನುಂಗಲಾಗದ ಜೊಲ್ಲು. ಕೇಳೋ ನಮಗಾಗುವಷ್ಟು ಹಿಂಸೆ ಅವರಿಗಾಗಲ್ಲ, ಮಗ್ಗುಲಿಗೆ ತಿರುಗಿಸಿ.

ನಾನು ದುಡ್ಡು ಕೊಟ್ಟಿದ್ದು ಈ ಮಾತಿಗೇ ಅಂದುಕೊಳ್ತೀನಿ.

ಯಾಕಂದ್ರೆ ಆ ಗೊರಗೊರ ಶುರುವಾಗಿದ್ದು ಭಾನುವಾರ ರಾತ್ರಿ ಎರಡಕ್ಕೆ, ತಂಡದ ಫೋನು ಯಾರೂ ಎತ್ತಲಿಲ್ಲ. 24 ಗಂಟೆ ಸೇವೆ ಅಂತ ಕಾರ್ಡಲ್ಲಿ ಅಚ್ಚು ಹಾಕಿಸಿದ್ದಾರೆ! ಭಾವ 108ಕ್ಕೆ ಹೊಡೆಯೋದರಲ್ಲಿದ್ದರು. ನಾನೂ ನಾದಿನಿಯೂ ಅತ್ತೆಯನ್ನು ಎಡ ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ದಿಂಬು ಕೊಟ್ಟ್ವಿ. ಸದ್ದು ತಗ್ಗಿತು. ಕಿವಿ ಕೇಳಿಸ್ತಿರಬಹುದು ಅಂತ ನರ್ಸು ಹೇಳಿದ್ದರಲ್ಲ, ನಾದಿನಿ ತೆಲುಗಲ್ಲೇ ಮಾತಾಡ್ತಾ ಕೂತಳು. ಡೈರಿಗೆ ಹಾಲು ಹಾಕೋ ಹೊತ್ತಿಗೆ ಉಸಿರು ನಿಂತಿತು.

ತಂಡದ ಡಾಕ್ಟರು ಬಂದು ಸಾವಿನ ಕಾರಣ ಬರೆದುಕೊಟ್ಟಿದ್ದು ಸೋಮವಾರ ಮಧ್ಯಾಹ್ನ. ಅಷ್ಟು ಹೊತ್ತು ಕಾಯಿಸಬಾರದಿತ್ತು. ಪಂಚಾಯಿತಿಯಲ್ಲಿ 21 ದಿನದೊಳಗೆ ನೋಂದಾಯಿಸಬೇಕು ಅಂತ ನೆನಪಿಸಿ, ಮಿಕ್ಕ ಮಾರ್ಫಿನ್ ಎಣಿಸಿ ಬರೆದುಕೊಂಡು ವಾಪಸ್ ಒಯ್ದರು.

ಬಾಡಿಗೆಗೆ ಕೊಡೋ ಏರ್‌ಬೆಡ್ಡು ಚೆನ್ನಾಗಿದೆ, ಬೆನ್ನು ಹುಣ್ಣಾಗಲಿಲ್ಲ. ಆದರೆ ಕರೆಂಟು ಹೋದರೆ ಗಾಳಿ ಇಳಿಯುತ್ತೆ. ಯುಪಿಎಸ್ ಇಲ್ಲದವರು ಮೊದಲೇ ಹೇಳಿಬಿಡಿ.