ಎಕೋ ವಿಭಾಗಕ್ಕೆ ಐದು ಸ್ಟಾರ್, ಬಿಲ್ಲಿಂಗ್ ಕೌಂಟರಿಗೆ ಒಂದು

ನಮ್ಮ ಯಜಮಾನರಿಗೆ ಕಿಡ್ನಿ ಕಸಿ ಆಗಿ 6 ವರ್ಷ. ಕಸಿ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಅಂತ ದಿನಾ ಎರಡು ಹೊತ್ತು ಟ್ಯಾಕ್ರೋಲಿಮಸ್ ಮಾತ್ರೆ. ಈಚೆಗೆ ಮೆಟ್ಟಿಲು ಹತ್ತಿದರೆ ಏದುಸಿರು, ಕಾಲು ಊತ. ಕಿಡ್ನಿಯದೇ ಕಾಟ ಅಂದುಕೊಂಡಿದ್ದೆವು.

ಆಸ್ಪತ್ರೆಯಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡುತ್ತಿದ್ದ ಹುಡುಗಿ ಒಂದೇ ಕಡೆ ತುಂಬಾ ಹೊತ್ತು ನೋಡಿದಳು. ಎದ್ದು ಹೋಗಿ ಡಾಕ್ಟರನ್ನೇ ಕರೆತಂದಳು. ಹೃದಯದ ಬಲ ಮೇಲ್ಕೋಣೆಯಲ್ಲಿ ಗಡ್ಡೆ! ರಕ್ತ ಹೆಪ್ಪುಗಟ್ಟಿದೆ ಅಂತ ಸುಮ್ನೆ ಕಳಿಸಲಿಲ್ಲ. ರಕ್ತನಾಳದ ಮೂಲಕ ಚೂರು ತೆಗೆದು ಬಯಾಪ್ಸಿ ಮಾಡಿದರು. ಬಿ-ಸೆಲ್ ಲಿಂಫೋಮಾ, ಅಂದರೆ ಬಿಳಿ ರಕ್ತಕಣದ ಒಂದು ಬಗೆಯ ಕ್ಯಾನ್ಸರ್. ಹೃದಯದಲ್ಲೇ ಹುಟ್ಟುವ ಕ್ಯಾನ್ಸರ್ ತೀರಾ ಅಪರೂಪ, ಆದರೆ ಕಸಿಯ ಮಾತ್ರೆ ರೋಗನಿರೋಧಕ ಶಕ್ತಿ ತಗ್ಗಿಸುತ್ತದೆ ಅಲ್ವಾ, ಆಗ ಎಪ್‌ಸ್ಟೀನ್-ಬಾರ್ ವೈರಸ್ ತಲೆ ಎತ್ತಿ ಹೀಗೆ ಮಾಡಬಹುದಂತೆ. ಮಾತ್ರೆ ಕಡಿಮೆ ಮಾಡಿ, ರಿಟುಕ್ಸಿಮ್ಯಾಬ್ ಅನ್ನೋ ಔಷಧಿ ಜೊತೆ ಕೀಮೋ ಶುರು ಮಾಡಿದ್ದಾರೆ.

ಬಿಲ್ಲಿಂಗಿನಲ್ಲಿ ಮಾತ್ರ ಟೋಕನ್ ಹಿಡಿದು ಎರಡು ಗಂಟೆ ನಿಂತೆ. ಕ್ಯಾಂಟೀನ್ ಇಡ್ಲಿ ಕಲ್ಲು.